ಅಂಟಿಕೊಂಡ ಪದರಗಳನ್ನು ಲೇಸರ್‌ನಿಂದ ಬಿಡಿಸಿದರೆ ಪದರವೇ ಸುಟ್ಟುಹೋಗುವುದಿಲ್ಲವೇ?

ಸುಡುವುದಿಲ್ಲ. ಯಾವ ತರಂಗಾಂತರದ ಬೆಳಕು, ಎಷ್ಟು ಹೊತ್ತು ಅನ್ನುವುದರಲ್ಲೇ ಗುಟ್ಟಿದೆ.

ನೀಲಿ ಎಲ್‌ಇಡಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೆಳಕು ಕೊಡುವ ಗ್ಯಾಲಿಯಂ ನೈಟ್ರೈಡ್ ಪದರವನ್ನು ಸಾಮಾನ್ಯವಾಗಿ ಸಫೈರ್ ಎಂಬ ಪಾರದರ್ಶಕ ಹರಳಿನ ಬಿಲ್ಲೆಯ ಮೇಲೆ ಬೆಳೆಸುತ್ತಾರೆ. ಪದರ ಕೆಲವೇ ಮೈಕ್ರೋಮೀಟರ್ ದಪ್ಪ. ಬ್ಲೇಡು ತೂರಿಸಿ ಎಬ್ಬಿಸಲು ಹೋದರೆ ಚೂರುಚೂರಾಗುತ್ತದೆ.

ಹಾಗಾಗಿ ಮೊದಲು ಪದರದ ಮೇಲೆ ಸಿಲಿಕಾನ್‌ನಂಥ ಒಂದು ಆಸರೆ ಅಂಟಿಸುತ್ತಾರೆ. ಆಮೇಲೆ ಸಫೈರ್ ಕಡೆಯಿಂದ 248 ನ್ಯಾನೋಮೀಟರ್‌ನ ಅತಿನೇರಳೆ ಲೇಸರ್ ಬಿಡುತ್ತಾರೆ. ಕಿಟಕಿ ಗಾಜಿನಲ್ಲಿ ಬಿಸಿಲು ಹಾದುಹೋಗುತ್ತದಲ್ವಾ, ಸಫೈರ್ ಒಳಗೆ ಇದೂ ಹಾಗೇ ಹಾಯುತ್ತದೆ. ಗ್ಯಾಲಿಯಂ ನೈಟ್ರೈಡ್ ಮಾತ್ರ ಅದನ್ನು ತಾಕಿದಲ್ಲೇ ಹೀರಿಕೊಳ್ಳುತ್ತದೆ. ಅಂಟಿದ ಜಾಗದ ತೆಳು ಪೊರೆ ಸಾವಿರ ಡಿಗ್ರಿ ಆಸುಪಾಸು ಕಾದು, ಗ್ಯಾಲಿಯಂ ಲೋಹ ಮತ್ತು ನೈಟ್ರೋಜನ್ ಅನಿಲವಾಗಿ ಒಡೆಯುತ್ತದೆ. ಲೇಸರ್‌ನ ಒಂದೊಂದು ಮಿಡಿತವೂ ಹತ್ತಾರು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಅಷ್ಟೇ. ಬಿಸಿ ಆಳಕ್ಕೆ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ.

ನನಗೆ ತುಂಬ ಇಷ್ಟವಾಗುವುದು ಮುಂದಿನ ಹೆಜ್ಜೆ. ಗ್ಯಾಲಿಯಂ ಸುಮಾರು 30 ಡಿಗ್ರಿಗೇ ಕರಗುತ್ತದೆ. ಬಿಲ್ಲೆಯನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಸಾಕು, ಸಫೈರ್ ಸುಮ್ನೆ ಜಾರಿಕೊಂಡು ಬರುತ್ತದೆ. ಉಳಿದ ಬೂದುಬಣ್ಣದ ಲೋಹದ ಲೇಪವನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುತ್ತಾರೆ.

ಆದರೆ ಹಾನಿಯೇ ಆಗುವುದಿಲ್ಲ ಅಂತಲ್ಲ. ಲೇಸರ್ ಶಕ್ತಿ ಜಾಸ್ತಿಯಾದರೆ ನೈಟ್ರೋಜನ್ ಒತ್ತಡಕ್ಕೇ ಪದರ ಬಿರುಕು ಬಿಡುತ್ತದೆ. ಕಡಿಮೆಯಾದರೆ ಅಲ್ಲಲ್ಲಿ ಅಂಟು ಉಳಿಯುತ್ತದೆ, ಎತ್ತುವಾಗ ಹರಿಯುತ್ತದೆ.

ಮಡಚುವ ಫೋನಿನ ಪರದೆಗೂ ಇದೇ ಉಪಾಯ. ಅಲ್ಲಿ ಗಾಜಿನಿಂದ ಬಿಡಿಸುವುದು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು.