ಎರಡೇ ತಿಂಗಳಿಗೆ ಕೆಮ್ಮು ನಿಂತರೂ ಟಿಬಿ ಮಾತ್ರೆ ಆರು ತಿಂಗಳು ಯಾಕೆ?

ಹೊಳಲ್ಕೆರೆಯಿಂದ ಬರೆದಿದ್ದೀರಿ. ತಮ್ಮನಿಗೆ ಶ್ವಾಸಕೋಶದ ಟಿಬಿ. ಎರಡು ತಿಂಗಳು ಮಾತ್ರೆ ನುಂಗಿದ್ದಾನೆ, ಕೆಮ್ಮು ಜ್ವರ ಎರಡೂ ಹೋಗಿವೆ, ಕಫದ ರಿಪೋರ್ಟ್ ನೆಗೆಟಿವ್ ಬಂದಿದೆ. ಹೊಟ್ಟೆ ತೊಳಸುತ್ತದೆ, ಇನ್ನು ಸಾಕು ಅನ್ನುತ್ತಿದ್ದಾನೆ. ಎಲ್ಲವೂ ಒಂದೇ ಜಾತಿಯ ಕ್ರಿಮಿ ಅಂದಮೇಲೆ ಔಷಧಿಗೆ ಒಟ್ಟಿಗೇ ಸಾಯಬೇಕಲ್ವಾ, ಇನ್ನೂ ನಾಲ್ಕು ತಿಂಗಳು ಯಾಕೆ ಅಂತ ಕೇಳಿದ್ದೀರಿ.

ಬಿಡಬಾರದು. ಮೊದಲು ಅಷ್ಟು ಹೇಳಿಬಿಡುತ್ತೇನೆ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಇದೇ ಪ್ರಶ್ನೆ 2008ರಲ್ಲಿ ನಮ್ಮ ಮನೆಯಲ್ಲೂ ಎದ್ದಿತ್ತು. ಅಪ್ಪ ಆಗ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೂ ಎರಡು ತಿಂಗಳಿಗೇ ಆರಾಮಾಯಿತು. ನಮ್ಮ ಓಣಿಯಲ್ಲಿ ಒಬ್ಬರು ಟಿಬಿ ಮಾತ್ರೆ ಅರ್ಧಕ್ಕೇ ಬಿಟ್ಟು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. "ಅವನಿಗೆ ಏನಾಗಿದೆ ಹೇಳು" ಅಂತ ಅಪ್ಪ ಮೂರನೇ ತಿಂಗಳಿಗೆ ಮಾತ್ರೆ ಬಿಟ್ಟರು. ಮುಂದಿನ ವರ್ಷ ದಸರಾ ಹೊತ್ತಿಗೆ ಕೆಮ್ಮು ತಿರುಗಿ ಬಂತು. ಈ ಸಲ ಕಫದಲ್ಲಿ ರಕ್ತ. ಆಗಿನ ಪದ್ಧತಿಯಂತೆ ಎರಡನೇ ಸಲದ ಚಿಕಿತ್ಸೆ ಎಂಟು ತಿಂಗಳು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ಸಲ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಸೈಕಲ್ ಸೀಟಿನ ಮೇಲೆ ಕೂರಲಾಗದೆ ಸೈಕಲ್ ತಳ್ಳಿಕೊಂಡೇ ಮನೆಗೆ ಬರುತ್ತಿದ್ದರು.

ಆ ಓಣಿಯವರಿಗೆ ಏನೂ ಆಗಲಿಲ್ಲ, ಅಪ್ಪನಿಗೆ ಯಾಕೆ ಆಯಿತು? ಇದು ನನ್ನನ್ನು ಬಹಳ ವರ್ಷ ಕಾಡಿತು. ಭಟ್ಟಿಯಲ್ಲಿ ನಿಂತು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಎಲ್ಲಾ ಕಾಳೂ ಒಂದೇ ಸಲ ಅರಳುವುದಿಲ್ಲ. ಕೆಲವು ತಕ್ಷಣ, ಕೆಲವು ಸ್ವಲ್ಪ ತಡೆದು. ಜರಡಿ ಹಿಡಿದಾಗಲೂ ಅರಳದ ಕಾಳು ನಾಲ್ಕಾದರೂ ಸಿಗುತ್ತವೆ. ಕ್ರಿಮಿಗಳ ವಿಷಯವೂ ಹೀಗೇ. ಒಂದು ವ್ಯತ್ಯಾಸ ಇದೆ. ಅಕ್ಕಿ ಕಾಳುಗಳಲ್ಲಿ ದಪ್ಪ, ಸಣ್ಣ, ಒಣಗಿದ್ದು, ಹಸಿ ಅಂತ ಮೊದಲೇ ಭೇದ ಇರುತ್ತದೆ. ಒಂದೇ ತಾಯಿ ಕ್ರಿಮಿಯಿಂದ ಒಡೆದ, ಒಂದೇ ಜೀನ್‌ಗಳ ಕ್ರಿಮಿಗಳು ಒಂದೇ ಜಾಗದಲ್ಲಿದ್ದರೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಬರೀ ಆಕಸ್ಮಿಕವಾಗಿ.

ಇದು ಹೇಗೆ ಸಾಧ್ಯ? ಒಂದು ಕ್ರಿಮಿಯೊಳಗೆ ಒಂದು ಜೀನ್‌ನ ಪ್ರತಿ ಒಂದೋ ಎರಡೋ ಇರುತ್ತದೆ. ಅದನ್ನು ಓದಿ ಕೆಲಸ ಶುರು ಮಾಡುವ ಅಣುಗಳು ಒಳಗಿನ ನೀರಿನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಗೊತ್ತುಗುರಿ ಇಲ್ಲದೆ ಸುತ್ತುತ್ತಿರುತ್ತವೆ. ಸರಿಯಾದ ಜಾಗಕ್ಕೆ ತಗುಲಿದಾಗ ಜೀನ್ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಸುಮ್ನೆ ಇರುತ್ತದೆ. ಹಾಗಾಗಿ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನ್, ನಲ್ಲಿಯ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ತಡೆದು ತಡೆದು ಬರುತ್ತದೆ. 2002ರಲ್ಲಿ ಅಮೆರಿಕದ ಮೈಕೆಲ್ ಎಲೊವಿಟ್ಜ್ ಮತ್ತು ಜೊತೆಗಾರರು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಇ. ಕೋಲೈ ಕ್ರಿಮಿಯಲ್ಲಿ ಜೀನ್ ಶುರು ಮಾಡುವ ಒಂದೇ ಬಗೆಯ ಎರಡು ಸ್ವಿಚ್ ಇಟ್ಟು ಒಂದೊಂದಕ್ಕೂ ಒಂದೊಂದು ಹೊಳೆಯುವ ಬಣ್ಣ ಜೋಡಿಸಿದರು. ಎರಡೂ ಸಮ ಸಮ ನಡೆದರೆ ಪ್ರತಿ ಕ್ರಿಮಿಯಲ್ಲೂ ಬಣ್ಣ ಸಮವಾಗಿ ಬೆರೆಯಬೇಕಿತ್ತು. ಹಾಗಾಗಲಿಲ್ಲ. ಒಂದರಲ್ಲಿ ಈ ಬಣ್ಣ ಜಾಸ್ತಿ, ಪಕ್ಕದ್ದರಲ್ಲಿ ಆ ಬಣ್ಣ ಜಾಸ್ತಿ.

ಈಗ ನಿಮ್ಮ ತಮ್ಮ ನುಂಗುವ ಮಾತ್ರೆಗೆ ಬರೋಣ. ಅದರಲ್ಲಿ ಐಸೋನಿಯಾಜಿಡ್ ಅನ್ನುವ ಔಷಧಿ ಇದೆ. ಅದು ಹಾಗೇ ಕ್ರಿಮಿಯನ್ನು ಕೊಲ್ಲುವುದಿಲ್ಲ. ಕ್ರಿಮಿಯ ಒಳಗೆ ಹೋದಮೇಲೆ ಅದರದೇ ಒಂದು ಪ್ರೋಟೀನ್ (ಎಂಜೈಮ್), ಕ್ಯಾಟ್‌ಜಿ ಅಂತ ಹೆಸರು, ಈ ಔಷಧಿಯನ್ನು ವಿಷವಾಗಿ ಬದಲಿಸುತ್ತದೆ. ಅಂದರೆ ಕ್ರಿಮಿ ತನ್ನ ಕೈಯಾರೆ ತನಗೇ ವಿಷ ಬೆರೆಸಿಕೊಳ್ಳಬೇಕು. 2013ರಲ್ಲಿ ಯುಯಿಚಿ ವಾಕಾಮೊಟೊ, ನೀರಜ್ ಧರ್ ಮತ್ತು ಜೊತೆಗಾರರು ಟಿಬಿ ಕ್ರಿಮಿಯ ಹತ್ತಿರದ ನೆಂಟನೊಂದನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಹಿಂಬಾಲಿಸಿದರು. ಕ್ಯಾಟ್‌ಜಿ ಎಲ್ಲದರಲ್ಲೂ ಎಲ್ಲಾ ಹೊತ್ತೂ ಹುಟ್ಟುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಉಕ್ಕುತ್ತಿತ್ತು. ಔಷಧಿ ಇದ್ದಾಗ ಅದು ಉಕ್ಕಿದ ಕ್ರಿಮಿಗಳು ಹೆಚ್ಚಾಗಿ ಸತ್ತವು. ಉಕ್ಕದೇ ಇದ್ದವು ಉಳಿದವು. ನನಗೆ ಇದನ್ನು ಓದಿದ ದಿನ ಅಪ್ಪನ ನೆನಪಾಗಿ ಕಣ್ಣು ತುಂಬಿತ್ತು.

ಹೀಗೆ ಉಳಿಯುವವನ್ನು 1944ರಲ್ಲೇ ಡಬ್ಲಿನ್‌ನ ಜೋಸೆಫ್ ಬಿಗ್ಗರ್ ಗಮನಿಸಿದ್ದರು. ಪೆನಿಸಿಲಿನ್ ಹಾಕಿದರೂ ಕೆಲವೇ ಕೆಲವು ಕ್ರಿಮಿಗಳು ಬದುಕುತ್ತಿದ್ದವು. ಅವಕ್ಕೆ ಪರ್ಸಿಸ್ಟರ್ಸ್ ಅಂತ ಹೆಸರಿಟ್ಟರು. ಅವುಗಳ ಮರಿಗಳಿಗೆ ಮತ್ತೆ ಪೆನಿಸಿಲಿನ್ ಕೊಟ್ಟರೆ ಹೆಚ್ಚಿನವು ಎಂದಿನಂತೆ ಸಾಯುತ್ತಿದ್ದವು! ಅಂದರೆ ಇವು ಔಷಧಿಯನ್ನು ಗೆದ್ದ ಕ್ರಿಮಿಗಳಲ್ಲ, ಔಷಧಿ ಬಂದ ಹೊತ್ತಿಗೆ ಅದಕ್ಕೆ ಸಿಗದೆ ಉಳಿದವು. ಇವತ್ತು ಸಿಗದ್ದು ಮುಂದೊಂದು ದಿನ ಸಿಗಬಹುದು. ಆ ದಿನ ಒಳಗೆ ಔಷಧಿ ಇರಬೇಕು. ದಿನಾ ಮಾತ್ರೆ, ತಿಂಗಳುಗಟ್ಟಲೆ ಮಾತ್ರೆ ಅನ್ನುವುದರ ಹಿಂದೆ ಈ ಲೆಕ್ಕ ಇದೆ. ಇದೊಂದೇ ಕಾರಣ ಅಂತಲ್ಲ. ಟಿಬಿ ಕ್ರಿಮಿ ನಿಧಾನದ್ದು, ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಶ್ವಾಸಕೋಶದ ಸತ್ತ ಭಾಗಗಳಿಗೆ ಔಷಧಿ ಸರಿಯಾಗಿ ತಲುಪುವುದೂ ಇಲ್ಲ.

ಹಾಗಾದರೆ ನೆಗೆಟಿವ್ ರಿಪೋರ್ಟ್? ಅದು ಒಳ್ಳೆಯ ಸುದ್ದಿಯೇ. ಆದರೆ ಗಾಜಿನ ಮೇಲೆ ಕಫ ಸವರಿ ನೋಡುವ ಪರೀಕ್ಷೆಯಲ್ಲಿ ಕ್ರಿಮಿ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್ ಅಂತಲೇ ಬರುತ್ತದೆ.

ನಾಲ್ಕು ಔಷಧಿ ಒಟ್ಟಿಗೆ ಕೊಡುವುದಕ್ಕೂ ಆಕಸ್ಮಿಕವೇ ಕಾರಣ, ಅದು ಇನ್ನೊಂದು ಬಗೆಯದು. ಕ್ರಿಮಿ ಒಡೆಯುವಾಗ ಜೀನ್ ನಕಲಿನಲ್ಲಿ ತಪ್ಪಾಗುತ್ತದೆ. ಸುಮಾರು ಹತ್ತು ಲಕ್ಷಕ್ಕೊಂದು ಕ್ರಿಮಿಗೆ ಐಸೋನಿಯಾಜಿಡ್ ನಾಟದಂಥ ತಪ್ಪು, ಸುಮಾರು ಹತ್ತು ಕೋಟಿಗೊಂದಕ್ಕೆ ಆ ನಾಲ್ಕರಲ್ಲಿ ಇನ್ನೊಂದಾದ ರಿಫಾಂಪಿಸಿನ್ ನಾಟದಂಥ ತಪ್ಪು. ಎರಡೂ ಒಂದೇ ಕ್ರಿಮಿಯಲ್ಲಿ ಕೂಡಿಬರಲು ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಕ್ರಿಮಿ ಬೇಕು. ಅಷ್ಟು ಯಾರ ಎದೆಯಲ್ಲೂ ಇರುವುದಿಲ್ಲ. ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿದು, ಒಂದು ತಿಂದು ಇನ್ನೊಂದು ಬಿಟ್ಟರೆ ಈ ರಕ್ಷಣೆ ಹೋಗುತ್ತದೆ. ಅಪ್ಪನ ಎದೆಯಲ್ಲಿ ಔಷಧಿ ನಾಟದ ಕ್ರಿಮಿ ಬೆಳೆಯದಿದ್ದದ್ದು ನಮ್ಮ ಪುಣ್ಯ.

ಆ ಓಣಿಯವರ ವಿಷಯಕ್ಕೆ ಉತ್ತರ 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ನನಗೆ ಸಿಕ್ಕಿತು. ನಾಲ್ಕು ಔಷಧಿಗಳಲ್ಲಿ ಒಂದರ ಬದಲು ಮಾಕ್ಸಿಫ್ಲಾಕ್ಸಾಸಿನ್ ಅನ್ನುವ ಬೇರೊಂದನ್ನು ಕೊಟ್ಟು ಚಿಕಿತ್ಸೆಯನ್ನು ನಾಲ್ಕು ತಿಂಗಳಿಗೆ ಇಳಿಸಿ ನೋಡಿದರು. ಆರು ತಿಂಗಳ ಗುಂಪಿನಲ್ಲಿ 100ಕ್ಕೆ 92 ಜನ ಗುಣವಾದರೆ, ನಾಲ್ಕು ತಿಂಗಳ ಎರಡು ಗುಂಪುಗಳಲ್ಲಿ 85 ಮತ್ತು 80. ನೋಡಿ, ಬೇಗ ನಿಲ್ಲಿಸಿದ ಹೆಚ್ಚಿನವರು ಗುಣವೇ ಆದರು. ಆ ಓಣಿಯವರು ಅಂಥವರಲ್ಲಿ ಒಬ್ಬರು. ತಾನು ಯಾವ ಗುಂಪು ಅಂತ ಮೊದಲೇ ಯಾರಿಗೂ ತಿಳಿಯುವುದಿಲ್ಲ, ಕಷ್ಟ ಇರುವುದು ಅಲ್ಲಿ. 2021ರಲ್ಲಿ ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಇರುವ ಬೇರೊಂದು ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳದ್ದಕ್ಕೆ ಸರಿಸಮ ಅಂತ ಗೊತ್ತಾಗಿದೆ. ಆ ಔಷಧಿಗಳೇ ಬೇರೆ. ಈಗ ತಿನ್ನುತ್ತಿರುವುದನ್ನು ನಡುವೆ ನಿಲ್ಲಿಸಲು ಅದು ಆಧಾರವಲ್ಲ.

ತಮ್ಮನ ಹೊಟ್ಟೆ ತೊಳಸುವುದನ್ನು ಮಾತ್ರ ಹಗುರವಾಗಿ ನೋಡಬೇಡಿ. ಮಾತ್ರೆ ಕೊಡುವವರಿಗೆ ಹೇಳಿ, ಹೊತ್ತು ಬದಲಿಸಿಯೋ ಬೇರೆ ಮಾತ್ರೆ ಸೇರಿಸಿಯೋ ಕೊಡುತ್ತಾರೆ. ಮೂತ್ರ ಕೇಸರಿ ಬಣ್ಣವಾದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ಸರ್ಕಾರದಿಂದ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿಯೂ ಇದೆ. ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ವಿಚಾರಿಸಿ.

ಅಪ್ಪ ಈಗ ಚೆನ್ನಾಗಿದ್ದಾರೆ. ತಮ್ಮ ನಿಮ್ಮ ಮಾತು ಕೇಳದಿದ್ದರೆ ಕೆಳಗೆ ಒಂದು ಸಾಲು ಬರೆಯಿರಿ. ಆ ಹುಡುಗನ ಜೊತೆ ತಾವೇ ಮಾತಾಡುತ್ತೇನೆ ಅಂದಿದ್ದಾರೆ.