ರೀಸೆಟ್ ಮಾಡಿದರೆ ಬ್ಯಾಟರಿ ಚಿಗುರುವುದಿಲ್ಲ

ಪ್ರಶ್ನೆ: ಕಲಬುರಗಿಯಲ್ಲಿ ಪಾರ್ಸೆಲ್ ವಿತರಣೆಯ ಕೆಲಸದಲ್ಲಿದ್ದೇನೆ. ಕಂಪನಿ ಕೊಟ್ಟಿರುವ ಆಂಡ್ರಾಯ್ಡ್ ಹ್ಯಾಂಡ್‌ಹೆಲ್ಡ್ (ಪಾರ್ಸೆಲ್ ಸ್ಕ್ಯಾನ್ ಮಾಡುವ ಕೈಯಂತ್ರ) 30% ಚಾರ್ಜ್ ತೋರಿಸುತ್ತಿರುವಾಗಲೇ, ಸ್ಕ್ಯಾನ್ ಗುಂಡಿ ಒತ್ತಿದ ಕೂಡಲೇ ಆಫ್ ಆಗುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಸರಿಹೋಗುತ್ತದೆ ಎಂದು ರಿಪೇರಿ ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ?

ಉತ್ತರ: ಖಂಡಿತ ಬೇಡ. ಈ ಸಲಹೆ ಕೇಳಿ ಕೇಳಿ ನನಗೆ ಸಾಕಾಗಿದೆ. ನೀವು ಹೇಳುವ ಲಕ್ಷಣ ಸವೆದ ಬ್ಯಾಟರಿಯದು. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, 3 ವೋಲ್ಟ್‌ನ ಆಸುಪಾಸಿಗೆ ಇಳಿದರೆ ಖಾಲಿಯಾದಂತೆ. ಹಳೆಯದಾದಷ್ಟೂ ಅದರ ಒಳಗಿನ ರೋಧ, ಅಂದರೆ ವಿದ್ಯುತ್ ಹರಿವಿಗೆ ಇರುವ ಅಡ್ಡಿ, ಹೆಚ್ಚುತ್ತದೆ. ಪರದೆ, ಮೊಬೈಲ್ ನೆಟ್‌ವರ್ಕ್, ಸ್ಕ್ಯಾನರ್ ಮೂರೂ ಒಟ್ಟಿಗೆ ವಿದ್ಯುತ್ ಎಳೆದಾಗ ವೋಲ್ಟೇಜ್ ಕ್ಷಣಮಾತ್ರ ಕುಸಿಯುತ್ತದೆ, ಯಂತ್ರ ಆಫ್ ಆಗುತ್ತದೆ. ಊಟೆ ಬತ್ತುತ್ತಿರುವ ಬಾವಿಗೆ ದೊಡ್ಡ ಪಂಪು ಹಚ್ಚಿದ ಹಾಗೆ. ತಳದಲ್ಲಿ ನೀರಿದೆ, ಪಂಪು ಎಳೆಯುವ ವೇಗಕ್ಕೆ ಊರುವುದಿಲ್ಲ. ತಂತ್ರಾಂಶವನ್ನು ಅಳಿಸಿ ಹೊಸದಾಗಿ ಹಾಕಿದರೆ ರೋಧ ಕಡಿಮೆಯಾದೀತೇ?

ಪರೀಕ್ಷೆ ಸುಲಭ. ಅದೇ ಮಾದರಿಯ ಯಂತ್ರವಿರುವ ಸಹೋದ್ಯೋಗಿಯ ಒಳ್ಳೆಯ ಬ್ಯಾಟರಿಯನ್ನು ಒಂದು ದಿನ ಹಾಕಿ ನೋಡಿ. ಸಂಜೆಯವರೆಗೆ ನಡೆದರೆ ತಪ್ಪು ಯಾರದೆಂದು ತಿಳಿಯಿತು. ನಿಮ್ಮ ಬ್ಯಾಟರಿಯನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಾಕಿ. ತೊಟ್ಟಿಲಿನಂತೆ ತೂಗಿದರೆ, ಅಥವಾ ತಿರುಗಿಸಿದಾಗ ಬುಗುರಿಯಂತೆ ಸುತ್ತಿದರೆ, ಒಳಗೆ ಅನಿಲ ತುಂಬಿ ಉಬ್ಬಿದೆ. ಅದನ್ನು ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಚೇರಿಗೆ ಹಿಂದಿರುಗಿಸಿ, ಇ-ತ್ಯಾಜ್ಯಕ್ಕೆ ಕೊಡಲು ಹೇಳಿ. ಮನೆಯ ಕಸದ ಬುಟ್ಟಿಗೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು, ಹಾಗೆಯೇ ಇರುತ್ತೇನೆ.

ಇನ್ನು ರೀಸೆಟ್. ಯಂತ್ರ ಸ್ತಬ್ಧವಾದರೆ ಮೊದಲು ಮೆನುವಿನಿಂದ ರೀಸ್ಟಾರ್ಟ್ ಮಾಡಿ. ಅದೂ ಆಗದಿದ್ದರೆ ಪವರ್ ಗುಂಡಿಯನ್ನು ಮತ್ತೆ ಆನ್ ಆಗುವವರೆಗೆ ಒತ್ತಿ ಹಿಡಿಯಿರಿ. ಕೆಲವು ಮಾದರಿಗಳಲ್ಲಿ ಜೊತೆಗೆ ಇನ್ನೊಂದು ಗುಂಡಿಯನ್ನೂ ಒತ್ತಬೇಕು. ಉಳಿಸಿಟ್ಟ ದಾಖಲೆಗೆ ಇದರಿಂದ ತೊಂದರೆಯಿಲ್ಲ. ಫ್ಯಾಕ್ಟರಿ ರೀಸೆಟ್ ಬೇರೆಯೇ ಮಾತು. ಸರ್ವರ್‌ಗೆ ಇನ್ನೂ ಹೋಗದ ಸಹಿ, ಫೋಟೋ, ವಿತರಣೆಯ ಲೆಕ್ಕ ಎಲ್ಲವೂ ಅಳಿಯುತ್ತದೆ. ನೆಟ್‌ವರ್ಕ್ ಇಲ್ಲದ ಹಳ್ಳಿಗಳಲ್ಲಿ ತಿರುಗಿ ಬಂದ ಯುವಕನೊಬ್ಬ ಹೀಗೆ ರೀಸೆಟ್ ಮಾಡಿಸಿಕೊಂಡು ನನ್ನ ಮುಂದೆ ಕುಳಿತಿದ್ದ. ಅವನು ಕೊಟ್ಟುಬಂದ ಪಾರ್ಸೆಲ್‌ಗಳಿಗೆ ಪುರಾವೆಯೇ ಉಳಿದಿರಲಿಲ್ಲ. ಬೆಳಗಿನಿಂದ ಬಿಸಿಲಲ್ಲಿ ದುಡಿದವನ ಮುಖ ನನಗೆ ಇನ್ನೂ ನೆನಪಿದೆ. ಮೇಲಾಗಿ ಕಂಪನಿಯ ವ್ಯವಸ್ಥೆಗೆ ಯಂತ್ರವನ್ನು ಮರಳಿ ಜೋಡಿಸಲು ಕಚೇರಿಯ ತಾಂತ್ರಿಕ ವಿಭಾಗವೇ ಬೇಕು. ಅವರನ್ನು ಕೇಳದೆ ಯಾರ ಕೈಗೂ ಯಂತ್ರ ಕೊಡಬೇಡಿ.

ನಿಮ್ಮ ಊರಿನ ಬೇಸಿಗೆಯೂ ಬ್ಯಾಟರಿಯನ್ನು ಕೊಲ್ಲುತ್ತದೆ. ಬೈಕಿನ ಟ್ಯಾಂಕ್ ಮೇಲಿನ ಚೀಲದಲ್ಲಿ, ಬಿಸಿಲಿನಲ್ಲಿ ಯಂತ್ರ ಇಡಬೇಡಿ. ಬಿಸಿಯಾದಾಗ ಚಾರ್ಜ್ ಏರದಿದ್ದರೆ ಅದು ದೋಷವಲ್ಲ, ಯಂತ್ರ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ನೆರಳಿನಲ್ಲಿ ತಣಿಯಲು ಬಿಡಿ.

ಪ್ರಶ್ನೆ: ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೇ?

ಉತ್ತರ: ಬೇಡ, ಅದು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂಗೆ ಅದರಿಂದ ಹಾನಿಯೇ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟರೆ ಹಳೆಯ ಬ್ಯಾಟರಿಗೆ ಜೀವ ಬರುತ್ತದೆಯೇ?

ಉತ್ತರ: ಇಲ್ಲ. ಹೊರಗೆ ತೆಗೆದಾಗ ತೇವ ಕೂರುತ್ತದೆ, ಅಷ್ಟೇ ಲಾಭ. ಈ ಉಪಾಯ ಹೇಳಿಕೊಟ್ಟವರಿಗೂ ಅದನ್ನು ತಿಳಿಸಿ.

ಪ್ರಶ್ನೆ: ಚಾರ್ಜ್ ಉಳಿಸುವ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಪರದೆಯ ಬೆಳಕು ತಗ್ಗಿಸಿ, ಅದು ಆರುವ ಸಮಯವನ್ನು 30 ಸೆಕೆಂಡಿಗೆ ಇಳಿಸಿ, ಬೇಡದ ಬ್ಲೂಟೂತ್ ಆಫ್ ಮಾಡಿ.

ಪ್ರಶ್ನೆ: ಹೆಚ್ಚುವರಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಇಡುವುದು ಹೇಗೆ?

ಉತ್ತರ: ಅರ್ಧ ಚಾರ್ಜ್ ಮಾಡಿ, ಯಂತ್ರದಿಂದ ಹೊರಗೆ ತೆಗೆದು, ತಂಪಾದ ಒಣ ಜಾಗದಲ್ಲಿಡಿ. ಕೀಲಿಗೊಂಚಲು, ನಾಣ್ಯಗಳ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ.