ಹದಿನಾರು ದಿನ ಬೂಟು ಕಟ್ಟದಿದ್ದರೆ

ಓದುಗರ ಪ್ರಶ್ನೆ, ಕ್ರೀಡಾ ವೈದ್ಯರ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬಿ.ಕಾಂ. ವಿದ್ಯಾರ್ಥಿ. ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಮಿಡ್‌ಫೀಲ್ಡರ್ ಆಗಿ ಆಡುತ್ತೇನೆ. ಪರೀಕ್ಷೆಗಾಗಿ ಹದಿನಾರು ದಿನ ಮೈದಾನದ ಕಡೆ ತಲೆ ಹಾಕಿರಲಿಲ್ಲ. ಮರಳಿ ಬಂದು ಆಡಿದ ಮೊದಲ ಪಂದ್ಯದಲ್ಲಿ ಅರವತ್ತನೇ ನಿಮಿಷಕ್ಕೇ ದಮ್ಮು ಕಟ್ಟಿ, ಮಂಡಿಯ ಮೇಲೆ ಕೈ ಊರಿ ನಿಲ್ಲುವಂತಾಯಿತು. ಆದರೆ ಚೆಂಡು ಒದೆಯುವ ಬಲವೂ ಜಿಗಿತವೂ ಮೊದಲಿನಂತೆಯೇ ಇದ್ದವು. ‘ಎರಡು ವಾರ ಬಿಟ್ಟರೆ ಎರಡು ತಿಂಗಳ ಶ್ರಮ ನೀರುಪಾಲು’ ಎಂದು ನಮ್ಮ ಕೋಚ್ ಹೇಳುತ್ತಾರೆ. ಇದು ನಿಜವೇ? ಮುಂದಿನ ಪರೀಕ್ಷೆಯ ವೇಳೆ ಏನು ಮಾಡಲಿ?
– ಹೆಸರು ಬೇಡ, ಹಲಸೂರು, ಬೆಂಗಳೂರು

ಉತ್ತರ: ನಿಮ್ಮ ಕೋಚ್ ಹೇಳುವುದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಹುಡುಗರನ್ನು ಹೆದರಿಸಿ ಮೈದಾನಕ್ಕೆ ಕರೆತರುವ ಉಪಾಯ. ಬಲ ಉಳಿದು ದಮ್ಮು ಹೋಯಿತು ಎಂದು ನೀವೇ ಗಮನಿಸಿದ್ದೀರಿ. ದೇಹದ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ ಇದೆ. ತರಬೇತಿ ನಿಂತ ಕೆಲವೇ ದಿನಗಳಲ್ಲಿ ಮೊದಲು ಇಳಿಯುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾ. ಅದು ಇಳಿದಾಗ ಹೃದಯದ ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ; ಆ ಕೊರತೆಯನ್ನು ತುಂಬಲು, ಮೊದಲು ಸಲೀಸಾಗಿ ಓಡುತ್ತಿದ್ದ ವೇಗದಲ್ಲಿಯೇ ಹೃದಯವು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಅಮೆರಿಕದಲ್ಲಿ ಪಳಗಿದ ಓಟಗಾರರು ಮತ್ತು ಸೈಕಲ್ ಸವಾರರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಬೇತಿ ಪೂರ್ತಿ ನಿಲ್ಲಿಸಿದ ಮೊದಲ ಮೂರು ವಾರಗಳಲ್ಲಿ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇ 7ರಷ್ಟು ಕುಸಿದಿತ್ತು. ಎರಡು ವರ್ಷಗಳ ಬಳಿಕ ಅದೇ ತಂಡದವರು, ತರಬೇತಿ ಬಿಟ್ಟವರ ರಕ್ತದ ಪ್ರಮಾಣವನ್ನು ದ್ರವ ಕೊಟ್ಟು ಹಿಂದಿನ ಮಟ್ಟಕ್ಕೆ ತಂದು ನೋಡಿದಾಗ, ಕಳೆದುಹೋಗಿದ್ದ ಸಾಮರ್ಥ್ಯದ ಗಣನೀಯ ಭಾಗ ಮರಳಿ ಬಂದಿತು. ಅಂದರೆ ಮೊದಲ ಎರಡು ಮೂರು ವಾರಗಳ ನಷ್ಟದಲ್ಲಿ ದೊಡ್ಡ ಪಾಲು ರಕ್ತದ್ದು. ತರಬೇತಿ ಶುರುವಾದ ಮೇಲೆ ಅದು ಬೇಗನೆ ತುಂಬಿಕೊಳ್ಳುತ್ತದೆ. ಸ್ನಾಯುಬಲವಾದರೋ ಸುಮಾರು ನಾಲ್ಕು ವಾರಗಳವರೆಗೆ ಹೆಚ್ಚೇನೂ ಕುಗ್ಗದೆ ನಿಲ್ಲುತ್ತದೆ.

ಅರವತ್ತನೇ ನಿಮಿಷವೇ ಏಕೆ ಎಂದರೆ, ನಿಮ್ಮ ಸ್ಥಾನದ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ, ಅದೂ ಒಂದೇ ಸಮನೆ ಅಲ್ಲ. ನಡಿಗೆ, ಕುಕ್ಕುಲೋಟ, ನಡುನಡುವೆ ಎರಡರಿಂದ ನಾಲ್ಕು ಸೆಕೆಂಡುಗಳ ಮಿಂಚಿನ ಓಟ. ಒಂದು ಓಟದಿಂದ ಇನ್ನೊಂದು ಓಟದೊಳಗೆ ಚೇತರಿಸಿಕೊಳ್ಳಲು ಬೇಕಾದದ್ದು ಆಮ್ಲಜನಕ. ಬಿಡುವಿನ ದಿನಗಳಲ್ಲಿ ಸ್ನಾಯುವಿನಲ್ಲಿ ಓಟದ ಇಂಧನವಾಗಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನಿನ ದಾಸ್ತಾನೂ ತಗ್ಗಿರುತ್ತದೆ. ಆದ್ದರಿಂದ ಮೊದಲ ಓಟ ಎಂದಿನಂತಿದ್ದು, ಹತ್ತನೆಯದೋ ಇಪ್ಪತ್ತನೆಯದೋ ಸೋಲುತ್ತದೆ.

ಇದನ್ನು ನೀವೇ ಅಳೆದು ನೋಡಬಹುದು. ಪರೀಕ್ಷೆಗೆ ಮುಂಚಿನ ವಾರ, ಗೊತ್ತಾದ ದೂರವನ್ನು ಗೊತ್ತಾದ ವೇಗದಲ್ಲಿ ಆರು ನಿಮಿಷ ಓಡಿ, ನಿಂತ ಕೂಡಲೇ ಕತ್ತಿನ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. ಬಿಡುವಿನ ಬಳಿಕ ಅದೇ ಓಟಕ್ಕೆ ಆ ಸಂಖ್ಯೆ 148 ಇದ್ದದ್ದು 160 ಆಗಿದ್ದರೆ, ಪೂರ್ತಿ ಪಂದ್ಯ ಆಡಲು ಇನ್ನೂ ಕಾಲವಾಗಿಲ್ಲ ಎಂದು ತಿಳಿಯಿರಿ.

ಮುಂದಿನ ಪರೀಕ್ಷೆಯ ವಿಚಾರ. ತರಬೇತಿಯ ದಿನಗಳನ್ನೂ ಅವಧಿಯನ್ನೂ ಬಹಳಷ್ಟು ಕಡಿತ ಮಾಡಿದರೂ ನಡೆಯುತ್ತದೆ. ತೀವ್ರತೆಯನ್ನು ಮಾತ್ರ ಇಳಿಸಬಾರದು. ವಾರಕ್ಕೆ ಎರಡು ದಿನ, ಮೈ ಬಿಸಿಯಾದ ಮೇಲೆ ನಾಲ್ಕು ನಿಮಿಷ ಮಾತಾಡಲಾಗದಷ್ಟು ಗಟ್ಟಿಯಾಗಿ ಓಡಿ, ಮೂರು ನಿಮಿಷ ನಿಧಾನವಾಗಿ ಓಡಿ. ಹೀಗೆ ನಾಲ್ಕು ಸಲ. ನಾರ್ವೆಯ ಕಿರಿಯ ಫುಟ್‌ಬಾಲ್ ಆಟಗಾರರು ಇದನ್ನೇ ಎಂಟು ವಾರ ಮಾಡಿ ತಮ್ಮ ಆಮ್ಲಜನಕ ಸಾಮರ್ಥ್ಯವನ್ನು ಸುಮಾರು ಶೇ 10ರಷ್ಟು ಹೆಚ್ಚಿಸಿಕೊಂಡಿದ್ದರು. ಇರುವುದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಸುಲಭ.

ನನಗೆ ನಿಮ್ಮ ದಮ್ಮಿಗಿಂತ ಹೆಚ್ಚಿನ ಚಿಂತೆ ಇರುವುದು ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಬಗ್ಗೆ. ವ್ಯಾಯಾಮದಿಂದ ಉದ್ದವಾಗಿದ್ದ ಅದರ ಎಳೆಗಳು ಎರಡು ವಾರ ಬಿಟ್ಟರೂ ಹಿಂದಿನ ಅಳತೆಗೆ ಮರಳಬಲ್ಲವು. ಬಲ ಮಾತ್ರ ಇದ್ದಂತೆಯೇ ಇರುವುದರಿಂದ ಆಟಗಾರನಿಗೆ ಇದರ ಸುಳಿವೇ ಸಿಗುವುದಿಲ್ಲ, ಮೊದಲ ದಿನವೇ ಪೂರ್ಣ ವೇಗದಲ್ಲಿ ಓಡಿ ಸ್ನಾಯು ಹರಿದುಕೊಳ್ಳುತ್ತಾನೆ. ಹಾಸ್ಟೆಲ್ ಕೋಣೆಯಲ್ಲಿ ದಿಂಬಿನ ಮೇಲೆ ಮಂಡಿಯೂರಿ, ಹಿಮ್ಮಡಿಗಳನ್ನು ಗೆಳೆಯನಿಂದ ಒತ್ತಿ ಹಿಡಿಸಿ, ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಬಂದು, ಕೊನೆಗೆ ಕೈ ಊರಿ ಬೀಳಿ. ನಾರ್ಡಿಕ್ ವ್ಯಾಯಾಮ ಎನ್ನುವುದು ಇದನ್ನೇ. ವಾರಕ್ಕೊಮ್ಮೆ ಐದೈದರಂತೆ ಎರಡು ಸುತ್ತು ಸಾಕು. ಮೈದಾನಕ್ಕೆ ಮರಳಿದ ಮೊದಲ ವಾರ ಮುಕ್ಕಾಲು ವೇಗ, ಆಮೇಲೆ ಪೂರ್ಣ ವೇಗ. ಮೊದಲ ಪಂದ್ಯದಲ್ಲಿ ಅರ್ಧ ಹೊತ್ತು ಮಾತ್ರ ಆಡಿಸಿ ಎಂದು ಕೋಚ್ ಅವರನ್ನು ಕೇಳಲು ಸಂಕೋಚಪಡಬೇಡಿ. ಕೊರೊನಾದಿಂದ ನಿಂತಿದ್ದ ಆಟ ಮತ್ತೆ ಶುರುವಾಗುವ ಹೊತ್ತಿಗೆ, 2020ರ ಮೇ ತಿಂಗಳಲ್ಲಿ, ಒಂದು ಪಂದ್ಯಕ್ಕೆ ಐವರು ಬದಲಿ ಆಟಗಾರರನ್ನು ಇಳಿಸಲು ಅವಕಾಶ ಕೊಟ್ಟದ್ದು ಆಟಗಾರರ ಮೇಲಿನ ಹೊರೆಯನ್ನು ಇಳಿಸಲೆಂದೇ.

ಪ್ರಶ್ನೆ: ನನ್ನ ಹದಿನೈದು ವರ್ಷದ ಮಗಳು ಶಾಲಾ ತಂಡದ ಫುಟ್‌ಬಾಲ್ ಆಟಗಾರ್ತಿ. ಡೆಂಗಿಯಿಂದ ಹನ್ನೆರಡು ದಿನ ಮಲಗಿದ್ದಳು. ಜ್ವರ ಬಿಟ್ಟು ನಾಲ್ಕು ದಿನವಾಗಿದೆ. ಭಾನುವಾರದ ಪಂದ್ಯಕ್ಕೆ ಕಳಿಸಬಹುದೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಬೇಡಮ್ಮ, ಈ ಭಾನುವಾರ ಬೇಡ. ಮೇಲಿನ ಹುಡುಗನದು ಆರೋಗ್ಯವಂತನ ಬಿಡುವು. ನಿಮ್ಮ ಮಗಳದು ಹಾಗಲ್ಲ. ಹಾಸಿಗೆಯಲ್ಲಿ ಮಲಗಿರುವುದರಿಂದಲೇ ರಕ್ತದ ಪ್ರಮಾಣ ಇಳಿಯುತ್ತದೆ, ಅದರ ಮೇಲೆ ರೋಗದ ಬಳಲಿಕೆ ಬೇರೆ. ರಕ್ತಸ್ರಾವ ತಡೆಯುವ ಕಣಗಳಾದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸಹಜ ಮಟ್ಟಕ್ಕೆ, ಅಂದರೆ 1.5 ಲಕ್ಷದ ಮೇಲಕ್ಕೆ ಬಂದಿದೆಯೇ ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರಿಂದ ಖಚಿತಪಡಿಸಿಕೊಳ್ಳುವವರೆಗೆ, ಡಿಕ್ಕಿ ಹೊಡೆಯುವ, ತಲೆಯಿಂದ ಚೆಂಡು ಹೊಡೆಯುವ ಆಟ ಸಲ್ಲದು. ಸದ್ಯಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ನಡೆಯಲಿ; ಮರುದಿನ ಸುಸ್ತು ಉಳಿಯದಿದ್ದರೆ ಲಘು ಓಟಕ್ಕೆ, ಬಳಿಕ ಚೆಂಡಿನ ಅಭ್ಯಾಸಕ್ಕೆ ಬರಲಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ನಾಡಿ ಎಣಿಸಿ, ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಬರೆಯಿರಿ; ಅದು ಇಳಿಯುತ್ತಾ ಬಂದು ಸ್ಥಿರವಾಗುವುದು ಒಳ್ಳೆಯ ಲಕ್ಷಣ. ಎದೆನೋವು, ಎದೆ ಡವಗುಟ್ಟುವುದು, ಕಣ್ಣು ಕತ್ತಲಿಡುವುದು ಕಂಡರೆ ಆಟ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ. ಪಂದ್ಯಕ್ಕೆ ಅವಸರಪಡಿಸುವ ಶಾಲೆಯವರಿಗೆ ವೈದ್ಯರ ಚೀಟಿಯನ್ನೇ ಮುಂದಿಡಿ.

ಪ್ರಶ್ನೆ: ನಾವು ಮೂವತ್ತು ದಾಟಿದ, ಬ್ಯಾಂಕ್ ನೌಕರರ ತಂಡ. ಟೂರ್ನಿಗೆ ಮುಂಚೆ ಒಂದು ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ಕಾಲು ಹಗುರಾಗುತ್ತದೆಯೇ? ಎಲ್ಲರಿಗೂ ಹೊಸ ಬೂಟು ಬೇರೆ ಬಂದಿವೆ.
– ಓದುಗ, ಹುಬ್ಬಳ್ಳಿ

ಉತ್ತರ: ಪೂರ್ತಿ ನಿಲ್ಲಿಸಿದರೆ ಕಾಲಿನ ಜೊತೆ ಪ್ಲಾಸ್ಮಾವೂ ಹಗುರಾಗುತ್ತದೆ. ಆ ವಾರ ಅಭ್ಯಾಸದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಆದರೆ ವೇಗದ ಓಟಗಳನ್ನು ಬಿಡಬೇಡಿ. ಒಂದೂವರೆ ಗಂಟೆ ಆಡುತ್ತಿದ್ದವರು ನಲವತ್ತೈದು ನಿಮಿಷ ಆಡಿ. ಪಂದ್ಯದ ಹಿಂದಿನ ದಿನ ಬಿಡುವು ಕೊಡಬಹುದು. ಹೊಸ ಬೂಟುಗಳನ್ನು ಆ ನಲವತ್ತೈದು ನಿಮಿಷಗಳಲ್ಲೇ ಹಾಕಿ ಪಳಗಿಸಿಕೊಳ್ಳಿ, ಟೂರ್ನಿಯ ದಿನ ಮೊದಲ ಸಲ ಹಾಕಬೇಡಿ.